ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು: ಕೂತಲ್ಲೇ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಸ್ಕಾಟ್ಲೆಂಡಿನ ಉತ್ತರಕ್ಕೆ ಓರ್ಕ್ನಿ ಅನ್ನುವ ದ್ವೀಪಗಳ ಗುಂಪಿದೆ. ಅದರಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ಪುಟ್ಟ ದ್ವೀಪಗಳ ನಡುವೆ ವೇಳಾಪಟ್ಟಿ ಇಟ್ಟುಕೊಂಡೇ ವಿಮಾನ ಓಡಾಡುತ್ತದೆ. ದೂರ ಬರೀ 2.7 ಕಿಲೋಮೀಟರ್. ಅಲ್ಲಿ ಹಾರುವ ಐಲ್ಯಾಂಡರ್ ವಿಮಾನ ಗಂಟೆಗೆ ಸುಮಾರು 240 ಕಿ.ಮೀ. ಹೋಗಬಲ್ಲದು. ಭಾಗಿಸಿ ನೋಡಿದರೆ 40 ಸೆಕೆಂಡ್ ಬರುತ್ತದೆ. ಆದರೆ ವೇಳಾಪಟ್ಟಿಯಲ್ಲಿ ಇರುವುದು 2 ನಿಮಿಷ. ಅತಿ ಬೇಗ ಮುಗಿಸಿದ ದಾಖಲೆ ಕೂಡ 53 ಸೆಕೆಂಡ್.

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ, ಅಲ್ವಾ? ಎಂಟು ಹತ್ತು ಗಂಟೆ ಹಾರುವ ದಾರಿಯಲ್ಲಿ ಆ ಲೆಕ್ಕ ಹೆಚ್ಚುಕಡಿಮೆ ಸರಿಬರುತ್ತದೆ. ಸಣ್ಣ ನಿಲ್ದಾಣಗಳ ನಡುವಿನ ದಾರಿಗೆ ಬರುವುದಿಲ್ಲ. ಅಲ್ಲಿ ಹೊತ್ತೆಲ್ಲ ಎರಡು ತುದಿಗಳಲ್ಲೇ ಹೋಗುತ್ತದೆ: ಏರುವುದರಲ್ಲಿ, ಇಳಿಯುವುದರಲ್ಲಿ, ತಿರುಗುವುದರಲ್ಲಿ, ನೆಲದ ಮೇಲೆ ಉರುಳುವುದರಲ್ಲಿ. ಹಾಗಾಗಿ ದೂರದ ಲೆಕ್ಕವನ್ನು ಬೇಗ ಮುಗಿಸಿ, ತುದಿಗಳ ಲೆಕ್ಕಕ್ಕೆ ಜಾಸ್ತಿ ಹೊತ್ತು ಕೊಡೋಣ.

ಉದಾಹರಣೆಗೆ ಒಂದೇ ಜೋಡಿಯನ್ನು ಕೊನೆತನಕ ಇಟ್ಟುಕೊಳ್ಳುತ್ತೇನೆ. ಓರ್ಕ್ನಿಯ ಕರ್ಕ್‌ವಾಲ್, ಮತ್ತು ಅದಕ್ಕೂ ಉತ್ತರಕ್ಕಿರುವ ಶೆಟ್ಲೆಂಡಿನ ಸಂಬರಾ. ಎರಡೂ ಸಣ್ಣ ನಿಲ್ದಾಣಗಳು. ನೀವು ನಿಮಗೆ ಬೇಕಾದ ಜೋಡಿ ತೆಗೆದುಕೊಂಡು ಜೊತೆಜೊತೆಗೇ ಲೆಕ್ಕ ಮಾಡುತ್ತಾ ಬನ್ನಿ. ಒಂದು ಹಾಳೆ, ಪೆನ್ನು, ಫೋನಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಹಂತ 1: ನಿಲ್ದಾಣ ಅದೇನಾ ಅಂತ ಖಚಿತ ಮಾಡಿಕೊಳ್ಳಿ

ಊರಿನ ಹೆಸರನ್ನು ನಂಬಬೇಡಿ, ಕೋಡ್ ನೋಡಿ. ಟಿಕೆಟ್ ಮೇಲೆ ಕಾಣುವ ಮೂರಕ್ಷರದ ಕೋಡ್ ಐಎಟಿಎ, ಅಂದರೆ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಕೊಟ್ಟದ್ದು. ಪೈಲಟ್‌ಗಳು ಬಳಸುವ ನಾಲ್ಕಕ್ಷರದ ಕೋಡ್ ಐಸಿಎಒ, ಅಂದರೆ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆಯ ಪದ್ಧತಿಯದು. ಕರ್ಕ್‌ವಾಲ್‌ಗೆ ಕೆ-ಒ-ಐ ಮತ್ತು ಇ-ಜಿ-ಪಿ-ಎ. ಸಂಬರಾಗೆ ಎಲ್-ಎಸ್-ಐ ಮತ್ತು ಇ-ಜಿ-ಪಿ-ಬಿ. ನಾಲ್ಕಕ್ಷರದ ಕೋಡ್‌ನಲ್ಲಿ ಒಂದು ಅನುಕೂಲವಿದೆ. ಮೊದಲ ಅಕ್ಷರಗಳೇ ಪ್ರದೇಶವನ್ನು ಹೇಳಿಬಿಡುತ್ತವೆ. ಇ-ಜಿ ಅಂದರೆ ಬ್ರಿಟನ್.

ಇದೆಲ್ಲ ಅತಿಯಾಯಿತು ಅನ್ನಿಸಬಹುದು. ಆದರೆ ಆಸ್ಟ್ರೇಲಿಯಾದ ಸಿಡ್ನಿಗೆ ಹೊರಟವರು ಕೆನಡಾದ ನೋವಾ ಸ್ಕೋಷಿಯಾದಲ್ಲಿರುವ ಸಿಡ್ನಿಯಲ್ಲಿ ಇಳಿದದ್ದು ಒಂದಕ್ಕಿಂತ ಹೆಚ್ಚು ಸಲ ನಡೆದಿದೆ. ಮೂರಕ್ಷರ ನೋಡಿದ್ದರೆ ತಪ್ಪುತ್ತಿತ್ತು. ತೀರಾ ಸಣ್ಣ ಏರ್‌ಸ್ಟ್ರಿಪ್‌ಗಳಿಗೆ ಮೂರಕ್ಷರದ ಕೋಡೇ ಇರುವುದಿಲ್ಲ. ಆಗ ನಾಲ್ಕಕ್ಷರದ್ದನ್ನೇ ಹುಡುಕಬೇಕು.

ಹಂತ 2: ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಪ್ರತಿ ದೇಶದ ವಿಮಾನಯಾನ ಇಲಾಖೆ ಎಐಪಿ ಅನ್ನುವ ಮಾಹಿತಿ ಪುಸ್ತಕ ಹೊರತರುತ್ತದೆ. ನಿಲ್ದಾಣದ ಗುರುತು ಬಿಂದು ಎಲ್ಲಿದೆ ಅನ್ನುವುದು ಅದರಲ್ಲಿ ಇರುತ್ತದೆ. ಅಷ್ಟು ದೂರ ಹೋಗಲು ಬೇಜಾರಾದರೆ ಮೊಬೈಲ್ ಮ್ಯಾಪ್‌ನಲ್ಲಿ ರನ್‌ವೇ ನಡುವೆ ಬೆರಳು ಒತ್ತಿ ಹಿಡಿಯಿರಿ, ಅಂಕಿಗಳು ಬರುತ್ತವೆ. ಟರ್ಮಿನಲ್ ಕಟ್ಟಡದ ಮೇಲೆ ಒತ್ತಿದರೂ ನಮ್ಮ ಲೆಕ್ಕಕ್ಕೆ ಏನೂ ಕೆಡುವುದಿಲ್ಲ.

ಕೆಡುವುದು ಬೇರೆ ಕಡೆ. ಅಂಕಿಗಳು ಎರಡು ರೂಪದಲ್ಲಿ ಸಿಗುತ್ತವೆ. ಒಂದು ಡಿಗ್ರಿ-ನಿಮಿಷ, ಇನ್ನೊಂದು ದಶಮಾಂಶ. 58 ಡಿಗ್ರಿ 57 ನಿಮಿಷ ಅಂದರೆ 58.57 ಅಲ್ಲ. 57ನ್ನು 60ರಿಂದ ಭಾಗಿಸಬೇಕು, ಆಗ 58.95 ಆಗುತ್ತದೆ. ಈ ಸಣ್ಣ ಎಡವಟ್ಟಿಗೆ 42 ಕಿ.ಮೀ. ವ್ಯತ್ಯಾಸ ಬೀಳುತ್ತದೆ. ನಾನೂ ಶುರುವಿನಲ್ಲಿ ಹೀಗೆ ಮಾಡಿ ಒಂದು ನಿಲ್ದಾಣವನ್ನು ಸಮುದ್ರದ ಮಧ್ಯೆ ಕೂರಿಸಿದ್ದೆ. ನೀವು ಬರೆದುಕೊಂಡ ಅಂಕಿಗಳನ್ನು ಮತ್ತೆ ಮ್ಯಾಪ್‌ಗೆ ಹಾಕಿ ನೋಡಿ. ಗುರುತು ರನ್‌ವೇ ಮೇಲೆ ಬಿದ್ದರೆ ಮುಂದೆ ಹೋಗಿ.

ಇನ್ನೊಂದು ಮಾತು. ಪಶ್ಚಿಮ ರೇಖಾಂಶ ಮತ್ತು ದಕ್ಷಿಣ ಅಕ್ಷಾಂಶಗಳಿಗೆ ಮುಂದೆ ಮೈನಸ್ ಹಾಕಬೇಕು. ನಮ್ಮ ಜೋಡಿ ಹೀಗಿದೆ: ಕರ್ಕ್‌ವಾಲ್ 58.96 ಉತ್ತರ, 2.91 ಪಶ್ಚಿಮ. ಸಂಬರಾ 59.88 ಉತ್ತರ, 1.30 ಪಶ್ಚಿಮ.

ಹಂತ 3: ನೇರ ದೂರ

ಇಲ್ಲಿ ನಾಟಿಕಲ್ ಮೈಲಿಯ ಸ್ನೇಹ ಮಾಡಿಕೊಳ್ಳಿ. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂದರೆ, ಅಕ್ಷಾಂಶದ ಒಂದು ನಿಮಿಷದಷ್ಟು ಉದ್ದ ನೆಲದ ಮೇಲೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅಂದರೆ ಒಂದು ಡಿಗ್ರಿ ಅಕ್ಷಾಂಶಕ್ಕೆ 60 ನಾಟಿಕಲ್ ಮೈಲಿ. ವಿಮಾನದ ವೇಗ ಹೇಳುವ ನಾಟ್ ಅಂದರೂ ಇದೇ ಮೈಲಿ, ಗಂಟೆಗೆ ಇಷ್ಟು ಅಂತ. ಇದರಲ್ಲೇ ಲೆಕ್ಕ ಮಾಡಿ, ಕೊನೆಗೆ ಬೇಕಾದರೆ 1.852ರಿಂದ ಗುಣಿಸಿ ಕಿಲೋಮೀಟರ್ ಮಾಡಿಕೊಳ್ಳಿ. ಇನ್ನು ಮುಂದೆ ಬರೀ ಮೈಲಿ ಅಂದರೂ ನಾಟಿಕಲ್ ಮೈಲಿಯೇ.

ಮೊದಲು ಉತ್ತರ-ದಕ್ಷಿಣ ಅಂತರ. 59.88ರಲ್ಲಿ 58.96 ಕಳೆದರೆ 0.92 ಡಿಗ್ರಿ. 60ರಿಂದ ಗುಣಿಸಿದರೆ 55.2 ನಾಟಿಕಲ್ ಮೈಲಿ.

ಆಮೇಲೆ ಪೂರ್ವ-ಪಶ್ಚಿಮ ಅಂತರ. 2.91ರಲ್ಲಿ 1.30 ಕಳೆದರೆ 1.61 ಡಿಗ್ರಿ. 60ರಿಂದ ಗುಣಿಸಿದರೆ 96.6. ಆದರೆ ಇಲ್ಲಿಗೇ ನಿಲ್ಲಿಸಬಾರದು. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ಹಾಗಾಗಿ ಎರಡು ನಿಲ್ದಾಣಗಳ ಸರಾಸರಿ ಅಕ್ಷಾಂಶದ ಕಾಸ್ (ಕ್ಯಾಲ್ಕುಲೇಟರ್‌ನಲ್ಲಿ cos) ಬೆಲೆಯಿಂದ ಗುಣಿಸಬೇಕು. ಸರಾಸರಿ 59.42 ಡಿಗ್ರಿ, ಅದರ ಕಾಸ್ 0.509. ಗುಣಿಸಿದರೆ 49.1.

ಈಗ ಎರಡರ ವರ್ಗ ಕೂಡಿ ವರ್ಗಮೂಲ ತೆಗೆಯಿರಿ. 55.2 ಮತ್ತು 49.1ಕ್ಕೆ ಬರುವುದು ಸುಮಾರು 74 ನಾಟಿಕಲ್ ಮೈಲಿ, ಅಂದರೆ 137 ಕಿ.ಮೀ. ಕಾಸ್ ಮರೆತಿದ್ದರೆ 206 ಕಿ.ಮೀ. ಬರುತ್ತಿತ್ತು! ಭೂಮಧ್ಯರೇಖೆಯ ಹತ್ತಿರ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಧ್ರುವದ ಕಡೆ ಹೋದ ಹಾಗೆ ಹೀಗೆ ಹೊಡೆತ ಕೊಡುತ್ತದೆ.

ಇದು ಭೂಮಿಯನ್ನು ಚಪ್ಪಟೆ ಅಂದುಕೊಂಡು ಮಾಡಿದ ಲೆಕ್ಕ. ಮುನ್ನೂರು ನಾನೂರು ಕಿಲೋಮೀಟರ್‌ವರೆಗೆ ಧಾರಾಳವಾಗಿ ನಡೆಯುತ್ತದೆ. ದೂರ ಜಾಸ್ತಿ ಇದ್ದರೆ ಗೋಳದ ಸೂತ್ರ ಬಳಸಿ: ಎರಡು ಅಕ್ಷಾಂಶಗಳ ಸೈನ್ ಗುಣಿಸಿ. ಅವೇ ಅಕ್ಷಾಂಶಗಳ ಕಾಸ್‌ಗಳನ್ನು, ಜೊತೆಗೆ ರೇಖಾಂಶ ವ್ಯತ್ಯಾಸದ ಕಾಸ್ ಅನ್ನೂ ಗುಣಿಸಿ. ಎರಡನ್ನೂ ಕೂಡಿಸಿ, ವಿಲೋಮ ಕಾಸ್ ತೆಗೆದರೆ ಒಂದು ಕೋನ ಸಿಗುತ್ತದೆ. ಆ ಕೋನ ಡಿಗ್ರಿಯಲ್ಲಿದ್ದರೆ 60ರಿಂದ ಗುಣಿಸಿ, ನಾಟಿಕಲ್ ಮೈಲಿ ಬಂತು. ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರು ಡಿಗ್ರಿಯನ್ನು ಮೊದಲು ರೇಡಿಯನ್‌ಗೆ (ಕೋನ ಅಳೆಯುವ ಇನ್ನೊಂದು ಮಾನ) ಬದಲಾಯಿಸಬೇಕು. ಇಲ್ಲದಿದ್ದರೆ ಉತ್ತರ ನೋಡಿ ತಲೆ ಕೆರೆದುಕೊಳ್ಳುತ್ತಾ ಕೂರಬೇಕಾಗುತ್ತದೆ.

ಇದ್ಯಾವುದೂ ಬೇಡ ಅನ್ನುವವರಿಗೆ ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನುವ ತಾಣವಿದೆ. ಎರಡು ಕೋಡ್ ಹಾಕಿದರೆ ದೂರ ಬಂದುಬಿಡುತ್ತದೆ. ಆದರೂ ಒಂದು ಸಲ ಕೈಯಲ್ಲಿ ಮಾಡಿ ನೋಡಿ. ಪರದೆಯ ಮೇಲೆ ಬಂದ ಅಂಕಿ ತಪ್ಪಿದ್ದಾಗ ಅನುಮಾನ ಬರುವುದು ಕೈಯಲ್ಲಿ ಮಾಡಿದವರಿಗೇ.

ಹಂತ 4: ದಿಕ್ಕನ್ನೂ ಬರೆದಿಡಿ

ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಮುಂದೆ ಗಾಳಿಯ ಲೆಕ್ಕಕ್ಕೆ, ರನ್‌ವೇ ಲೆಕ್ಕಕ್ಕೆ ಬೇಕೇ ಬೇಕು. ನಮ್ಮ ಉದಾಹರಣೆಯಲ್ಲಿ 55 ಉತ್ತರಕ್ಕೆ, 49 ಪೂರ್ವಕ್ಕೆ. ಅಂದರೆ ಹೆಚ್ಚುಕಡಿಮೆ ಈಶಾನ್ಯ. ಲೆಕ್ಕ ಮಾಡಿದರೆ ಉತ್ತರದಿಂದ 42 ಡಿಗ್ರಿ ಬಲಕ್ಕೆ.

ಹಂತ 5: ಯಾವ ವಿಮಾನ?

ಸಣ್ಣ ನಿಲ್ದಾಣದ ರನ್‌ವೇ ಉದ್ದವೇ ಇದನ್ನು ತೀರ್ಮಾನಿಸುತ್ತದೆ. ಜೆಟ್ ಇಳಿಯಲಾಗದ ಕಡೆ ಪ್ರೊಪೆಲ್ಲರ್ ಇರುವ ಟರ್ಬೊಪ್ರಾಪ್ ಬರುತ್ತದೆ. ಬುಕಿಂಗ್ ಪುಟದಲ್ಲಿ ವಿಮಾನದ ಮಾದರಿ ಬರೆದಿರುತ್ತಾರೆ, ಹುಡುಕಿ. ಸಮ ಎತ್ತರದಲ್ಲಿ ಹಾರುವಾಗಿನ ವೇಗ ಸುಮಾರಾಗಿ ಇಷ್ಟಿರುತ್ತದೆ:

ಐಲ್ಯಾಂಡರ್: 130 ನಾಟ್
ಟ್ವಿನ್ ಆಟರ್: 160 ನಾಟ್
ಸೆಸ್ನಾ ಕ್ಯಾರವಾನ್: 180 ನಾಟ್
ಎಟಿಆರ್ 72: 275 ನಾಟ್
ಡ್ಯಾಶ್ 8 ಕ್ಯೂ400: 360 ನಾಟ್
ಏರ್‌ಬಸ್ 320 ಥರದ ಜೆಟ್: 450 ನಾಟ್

ಸಣ್ಣ ದೂರಕ್ಕೆ ಈ ಪಟ್ಟಿ ನೋಡಿ ಮೋಸ ಹೋಗಬೇಡಿ. 74 ಮೈಲಿಗೆ ಜೆಟ್ ತಂದರೂ ಅದು ತನ್ನ ಪೂರ್ತಿ ವೇಗಕ್ಕೆ ಏರುವಷ್ಟರಲ್ಲಿ ಇಳಿಯಲು ಶುರು ಮಾಡಬೇಕಾಗುತ್ತದೆ. ಅದೂ ಅಲ್ಲದೆ ಹಲವು ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್ ಮೀರಬಾರದು ಅನ್ನುವ ನಿಯಮವಿದೆ. ಟರ್ಬೊಪ್ರಾಪ್ ನಿಧಾನ ಅಂತ ಮೂಗು ಮುರಿಯುವವರು ಇದೊಂದನ್ನು ನೆನಪಿಡಬೇಕು.

ಹಂತ 6: ಹಾರಾಟವನ್ನು ಮೂರು ತುಂಡು ಮಾಡಿ

ಇಲ್ಲಿ ನಿಧಾನಕ್ಕೆ ಹೋಗೋಣ. ಎಟಿಆರ್ ಮಾದರಿಯ ವಿಮಾನ, 74 ಮೈಲಿ. ಸುಮ್ನೆ ಭಾಗಿಸಿದರೆ 16 ನಿಮಿಷ. ಆದರೆ ನಿಜವಾಗಿ ಆಗುವುದು ಬೇರೆ.

ಇಷ್ಟು ಸಣ್ಣ ದಾರಿಗೆ ತುಂಬಾ ಎತ್ತರಕ್ಕೆ ಹೋಗುವುದಿಲ್ಲ. 10,000 ಅಡಿ ಅಂದುಕೊಳ್ಳಿ. ನಿಮಿಷಕ್ಕೆ 1,200 ಅಡಿಯಂತೆ ಏರಿದರೆ ಎಂಟು ನಿಮಿಷ ಚಿಲ್ಲರೆ ಬೇಕು. ಏರುವಾಗ ವೇಗ ಕಮ್ಮಿ, ಸರಾಸರಿ 180 ನಾಟ್. ಅಷ್ಟರಲ್ಲಿ 25 ಮೈಲಿ ಸಾಗಿರುತ್ತದೆ.

ಇಳಿಯುವುದಕ್ಕೆ ಪೈಲಟ್‌ಗಳ ಬಾಯಲ್ಲಿ ಒಂದು ಸುಲಭ ಲೆಕ್ಕವಿದೆ: ಪ್ರತಿ ಸಾವಿರ ಅಡಿಗೆ ಮೂರು ಮೈಲಿ. 10,000 ಅಡಿಯಿಂದ ಇಳಿಯಲು 30 ಮೈಲಿ ಮುಂಚೆಯೇ ಶುರು ಮಾಡಬೇಕು. ಸರಾಸರಿ 220 ನಾಟ್ ಅಂದರೆ ಇದಕ್ಕೂ ಎಂಟು ನಿಮಿಷ.

ಏರಲು 25, ಇಳಿಯಲು 30, ಒಟ್ಟು 55 ಮೈಲಿ ಹೋಯಿತು. ಸಮವಾಗಿ ಹಾರಲು ಉಳಿದದ್ದು 19 ಮೈಲಿ, ನಾಲ್ಕು ನಿಮಿಷ ಚಿಲ್ಲರೆ. ಕೂಡಿಸಿದರೆ 21 ನಿಮಿಷ. ಸೀಟ್ ಬೆಲ್ಟ್ ದೀಪ ಆರಿ ಮತ್ತೆ ಹತ್ತಿಕೊಳ್ಳುವುದರೊಳಗೆ ಒಂದು ಲೋಟ ನೀರು ಕುಡಿದು ಮುಗಿಸಬಹುದು, ಅಷ್ಟೇ.

ಇದಕ್ಕೆ ಇನ್ನೊಂದು ಐದು ನಿಮಿಷ ಸೇರಿಸಿ. ಯಾಕೆಂದರೆ ವಿಮಾನ ನಕ್ಷೆಯ ಮೇಲಿನ ಗೆರೆಯ ಹಾಗೆ ಹೊರಡುವುದಿಲ್ಲ, ಇಳಿಯುವುದೂ ಇಲ್ಲ. ರನ್‌ವೇ ಯಾವ ಕಡೆ ಮುಖ ಮಾಡಿದೆಯೋ ಆ ಕಡೆಗೇ ಏರಿ, ಆಮೇಲೆ ತಿರುಗಬೇಕು. ಇಳಿಯುವಾಗ ರನ್‌ವೇಯ ಸಾಲಿಗೆ ಬಂದು ನಿಂತು, ಆರೇಳು ಮೈಲಿ ನೇರ ಬರಬೇಕು. ನಡುವೆ ಸೇನೆಯ ನಿರ್ಬಂಧಿತ ಪ್ರದೇಶವೋ ಎತ್ತರದ ಬೆಟ್ಟವೋ ಇದ್ದರೆ ಸುತ್ತಿಕೊಂಡು ಹೋಗಬೇಕು. ಹೀಗೆ ಗಾಳಿಯಲ್ಲಿ ಇರುವ ಹೊತ್ತು 26 ನಿಮಿಷ ಆಯಿತು.

ಪ್ರತಿ ಸಲ ಇಷ್ಟು ತುಂಡು ಮಾಡಲು ಪುರುಸೊತ್ತಿಲ್ಲದಿದ್ದರೆ ನನ್ನದೊಂದು ಅಡ್ಡದಾರಿ ಇದೆ. ಟರ್ಬೊಪ್ರಾಪ್ ಆದರೆ ದೂರವನ್ನು ವೇಗದಿಂದ ಭಾಗಿಸಿ 10 ನಿಮಿಷ ಕೂಡಿಸಿ. ಜೆಟ್ ಆದರೆ 15. ಇಲ್ಲಿ 16ಕ್ಕೆ 10 ಸೇರಿಸಿದರೆ ಅದೇ 26. ಆದರೆ ಇಪ್ಪತ್ತು ಮೈಲಿಗಿಂತ ಚಿಕ್ಕ ದಾರಿಗೆ ಈ ಅಡ್ಡದಾರಿ ನಡೆಯುವುದಿಲ್ಲ. ವೆಸ್ಟ್ರೇ ವಿಮಾನಕ್ಕೆ ಹತ್ತು ನಿಮಿಷ ಕೂಡಿಸಿದರೆ ಅದು ಅಷ್ಟರಲ್ಲಿ ಹೋಗಿ ವಾಪಸ್ಸೂ ಬಂದಿರುತ್ತದೆ.

ಹಂತ 7: ಗಾಳಿ

ಹವಾಮಾನ ವರದಿಯಲ್ಲಿ ಹೇಳುವ ದಿಕ್ಕು, ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದು. ಎಲ್ಲಿಗೆ ಹೋಗುತ್ತದೆ ಅನ್ನುವುದಲ್ಲ. ವಿಮಾನ ಹೋಗುವ ದಾರಿಗೂ ಗಾಳಿಗೂ ಇರುವ ಕೋನ 30 ಡಿಗ್ರಿ ಆದರೆ ಗಾಳಿಯ ವೇಗದಲ್ಲಿ ನೂರಕ್ಕೆ 87ರಷ್ಟು ಲೆಕ್ಕಕ್ಕೆ ಬರುತ್ತದೆ. 45 ಆದರೆ ಸುಮಾರು 70. 60 ಆದರೆ ಅರ್ಧ. ಪೂರ್ತಿ ಅಡ್ಡಗಾಳಿ ಆದರೆ ವೇಗದ ಮೇಲೆ ಹೆಚ್ಚೇನೂ ಪರಿಣಾಮವಿಲ್ಲ.

ಉದ್ದದ ದಾರಿಯಲ್ಲಿ ಇದರ ಆಟ ನೋಡಿ. 300 ಮೈಲಿ, 275 ನಾಟ್. ಗಾಳಿ ಇಲ್ಲದಿದ್ದರೆ ಹೋಗಲು 65, ಬರಲು 65, ಒಟ್ಟು 131 ನಿಮಿಷ. 40 ನಾಟ್ ಗಾಳಿ ಬೀಸುತ್ತಿದ್ದರೆ ಎದುರುಗಾಳಿಯಲ್ಲಿ 77, ಹಿಂಗಾಳಿಯಲ್ಲಿ 57. ಒಟ್ಟು 134. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಸಿಗುವುದಿಲ್ಲ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವಲ್ಲ, ಅದಕ್ಕೇ.

ಸಣ್ಣ ದಾರಿಯಲ್ಲಿ ಗಾಳಿ ಬೇರೆಯೇ ಕಡೆ ಕೈ ಹಾಕುತ್ತದೆ. ಕರ್ಕ್‌ವಾಲ್‌ನಿಂದ ಸಂಬರಾಗೆ ಹೊರಟಿದ್ದೇವೆ, ನೈಋತ್ಯದಿಂದ 30 ನಾಟ್ ಗಾಳಿ ಬೀಸುತ್ತಿದೆ. ನಮ್ಮ ದಿಕ್ಕು ಈಶಾನ್ಯ, ಅಂದರೆ ಗಾಳಿ ಸರಿಯಾಗಿ ಬೆನ್ನಿಗೆ. ಮೂರು ನಿಮಿಷ ಉಳಿಯಿತು ಅಂತ ಖುಷಿಪಡಬಹುದು. ಆದರೆ ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಕರ್ಕ್‌ವಾಲ್‌ನ ಮುಖ್ಯ ರನ್‌ವೇ ಪೂರ್ವ-ಪಶ್ಚಿಮ ಮಲಗಿದೆ. ಇಂಥ ದಿನ ಪಶ್ಚಿಮಕ್ಕೆ ಮುಖ ಮಾಡಿ ಏರಬೇಕು. ಹೋಗಬೇಕಾದದ್ದು ಈಶಾನ್ಯಕ್ಕೆ! ಅಂದರೆ ಮೇಲೆ ಹೋದ ಮೇಲೆ ತಿರುಗಿಕೊಂಡು ಬರಬೇಕು. ಸಂಬರಾದಲ್ಲೂ ಪೂರ್ವ-ಪಶ್ಚಿಮದ ರನ್‌ವೇ ಇದೆ. ಅದರಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕಾದರೆ, ನೈಋತ್ಯದಿಂದ ಬಂದ ವಿಮಾನ ನಿಲ್ದಾಣವನ್ನು ದಾಟಿ ಮುಂದೆ ಹೋಗಿ, ಹೊರಳಿ ವಾಪಸ್ ಬರಬೇಕು. ಬೆನ್ನಿಗೆ ಬೀಸಿದ ಗಾಳಿ ಉಳಿಸಿದ ಮೂರು ನಿಮಿಷವನ್ನು ಎರಡೂ ತುದಿ ಸೇರಿ ನುಂಗಿಬಿಡುತ್ತವೆ.

ಹಾಗಾಗಿ ಸಣ್ಣ ದಾರಿಗೆ ಗಾಳಿಯ ವೇಗಕ್ಕಿಂತ ಮೊದಲು ರನ್‌ವೇ ಸಂಖ್ಯೆ ನೋಡಿ. ರನ್‌ವೇ 27 ಅಂದರೆ ಹೆಚ್ಚುಕಡಿಮೆ 270 ಡಿಗ್ರಿ, ಪಶ್ಚಿಮ ಮುಖ. 09 ಅಂದರೆ 90 ಡಿಗ್ರಿ, ಪೂರ್ವ ಮುಖ. ನೀವು ಹೋಗುವ ದಿಕ್ಕಿಗೆ ರನ್‌ವೇ ಬೆನ್ನು ಹಾಕಿದ್ದರೆ ಆ ತುದಿಗೆ ಎರಡು ಮೂರು ನಿಮಿಷ ಕೂಡಿಸಿ.

ಹಂತ 8: ಗಾಳಿಯಲ್ಲಿ ಇರುವ ಹೊತ್ತಿನಿಂದ ಟಿಕೆಟ್ಟಿನ ಹೊತ್ತಿಗೆ

ಟಿಕೆಟ್ ಮೇಲಿರುವುದು ಬ್ಲಾಕ್ ಟೈಮ್. ಚಕ್ರಕ್ಕೆ ಕೊಟ್ಟ ತಡೆ ತೆಗೆದು ವಿಮಾನ ಅಲುಗಿದಾಗಿನಿಂದ, ಆ ಕಡೆ ಹೋಗಿ ನಿಂತು ಮತ್ತೆ ತಡೆ ಕೊಡುವವರೆಗೆ. ಸಣ್ಣ ನಿಲ್ದಾಣದ ಒಳ್ಳೆಯ ಗುಣ ಇಲ್ಲಿ ಕಾಣುತ್ತದೆ. ದೊಡ್ಡ ಕಡೆ ಸರದಿಯಲ್ಲಿ ಇಪ್ಪತ್ತು ನಿಮಿಷ ಕಾಯಿಸಬಹುದು. ಇಲ್ಲಿ ಮೂರು ನಾಲ್ಕು ನಿಮಿಷಕ್ಕೆ ರನ್‌ವೇ ತಲುಪಿರುತ್ತೀರಿ. ಎರಡೂ ತುದಿ ಸೇರಿ ಎಂಟು ನಿಮಿಷ ಹಾಕಿ. ನಮ್ಮ ಉದಾಹರಣೆ 34 ನಿಮಿಷಕ್ಕೆ ಬಂದು ನಿಂತಿತು. ಹದಿನಾರರ ಎರಡು ಪಟ್ಟಿಗಿಂತ ಜಾಸ್ತಿ!

ಕಂಪನಿಗಳು ಇದರ ಮೇಲೆ ಇನ್ನಷ್ಟು ನಿಮಿಷ ಕೈಕಾವಲಿಗೆ ಇಟ್ಟುಕೊಳ್ಳುತ್ತವೆ. ಅದಕ್ಕೇ ವಿಮಾನ ಹೇಳಿದ್ದಕ್ಕಿಂತ ಮುಂಚೆ ತಲುಪಿದಾಗ ಪೈಲಟ್ ಅಷ್ಟು ಹೆಮ್ಮೆಯಿಂದ ಘೋಷಣೆ ಮಾಡುವುದು.

ಗಡಿ ದಾಟುವ ದಾರಿಯಾದರೆ ಸಮಯ ವಲಯವನ್ನೂ ನೋಡಿ. ಎರಡೂ ಕಡೆಯ ಹೊತ್ತನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ ಬದಲಾಯಿಸಿ ಕಳೆಯುವುದೇ ಸುರಕ್ಷಿತ. ಭಾರತ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ, ನೇಪಾಳ 5 ಗಂಟೆ 45 ನಿಮಿಷ ಮುಂದೆ. ಅಲ್ಲಿಂದ ಇಲ್ಲಿಗೆ 40 ನಿಮಿಷ ಹಾರಿದರೆ ಟಿಕೆಟ್ ಮೇಲಿನ ಗಡಿಯಾರದಲ್ಲಿ 25 ನಿಮಿಷ ಕಾಣುತ್ತದೆ. ಇಲ್ಲಿಂದ ಅಲ್ಲಿಗೆ 55. ದಾರಿ ಅದೇ.

ಹಂತ 9: ನೇರ ವಿಮಾನವೇ ಇಲ್ಲದಿದ್ದರೆ

ಎರಡು ಸಣ್ಣ ನಿಲ್ದಾಣಗಳ ನಡುವೆ ನೇರ ಸೇವೆ ಇರುವುದೇ ಅಪರೂಪ. ಎರಡೂ ಒಂದು ದೊಡ್ಡ ನಿಲ್ದಾಣಕ್ಕೆ ಜೋಡಣೆಯಾಗಿರುತ್ತವೆ, ಅಷ್ಟೇ. ಆಗ ನೇರ ದೂರ 150 ಕಿ.ಮೀ. ಇದ್ದರೂ ನೀವು ತಲಾ 400 ಕಿ.ಮೀ.ಯ ಎರಡು ಹಾರಾಟ ಮಾಡಬೇಕಾಗಬಹುದು. ಪ್ರತಿ ಹಾರಾಟಕ್ಕೂ ಮೇಲಿನ ಲೆಕ್ಕ ಬೇರೆಬೇರೆಯಾಗಿ ಮಾಡಿ. ತುದಿಗಳು ಎರಡರಿಂದ ನಾಲ್ಕಾಗುತ್ತವೆ ಅನ್ನುವುದನ್ನು ಮರೆಯಬೇಡಿ. ನಡುವಿನ ಕಾಯುವಿಕೆಯನ್ನೂ ಕೂಡಿಸಿ. ಪ್ರತಿ ನಿಲ್ದಾಣಕ್ಕೂ ವಿಮಾನ ಬದಲಿಸಲು ಕನಿಷ್ಠ ಇಷ್ಟು ಹೊತ್ತು ಬೇಕು ಅನ್ನುವ ನಿಯಮವಿರುತ್ತದೆ. ಎರಡು ಟಿಕೆಟ್ ಬೇರೆಬೇರೆ ಮಾಡಿಸಿದ್ದರೆ ಆ ಕನಿಷ್ಠವನ್ನು ನಂಬಬೇಡಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಸಾಮಾನ್ಯವಾಗಿ ಹೊಣೆ ನಿಮ್ಮದೇ. ಇಷ್ಟೆಲ್ಲ ಕೂಡಿಸಿದ ಮೇಲೆ ಬಸ್ಸು, ರೈಲು, ದೋಣಿಯೇ ಬೇಗ ಅಂತ ಗೊತ್ತಾದರೂ ಆಶ್ಚರ್ಯವಿಲ್ಲ.

ಹಂತ 10: ನಿಜವಾದ ಹಾರಾಟದ ಜೊತೆ ಹೋಲಿಸಿ

ಫ್ಲೈಟ್‌ರಾಡಾರ್24, ಫ್ಲೈಟ್‌ಅವೇರ್ ಥರದ ತಾಣಗಳಲ್ಲಿ ಹಿಂದಿನ ದಿನಗಳ ಹಾರಾಟ ಸಿಗುತ್ತದೆ. ಒಂದು ವಾರದ್ದನ್ನು ಬರೆದುಕೊಂಡು ನಡುವಿನ ಅಂಕಿ ತೆಗೆದುಕೊಳ್ಳಿ, ಅತಿ ಬೇಗ ಹೋದ ದಿನದ್ದನ್ನಲ್ಲ. ಇಲ್ಲೊಂದು ಗುಂಡಿ ಇದೆ. ಈ ತಾಣಗಳು ಹೆಚ್ಚಾಗಿ ನೆಲದ ಮೇಲಿನ ರಿಸೀವರ್‌ಗಳನ್ನು ನಂಬಿವೆ. ಸಣ್ಣ ನಿಲ್ದಾಣದ ಅಕ್ಕಪಕ್ಕ ರಿಸೀವರ್ ಇಲ್ಲದಿದ್ದರೆ ವಿಮಾನ ಕೆಳಗಿಳಿದ ಕೂಡಲೇ ಪರದೆಯಿಂದ ಮಾಯವಾಗುತ್ತದೆ. ಆಗ ತೋರಿಸುವ ಇಳಿದ ಹೊತ್ತು ಬರೀ ಅಂದಾಜು. ಗ್ರಾಫ್‌ನಲ್ಲಿ ಎತ್ತರ ಎರಡು ಮೂರು ಸಾವಿರ ಅಡಿಗೇ ನಿಂತುಹೋಗಿದ್ದರೆ ನಾಲ್ಕೈದು ನಿಮಿಷ ನೀವೇ ಸೇರಿಸಿ.

ನಿಮ್ಮ ಲೆಕ್ಕಕ್ಕೂ ಇದಕ್ಕೂ ಐದು ನಿಮಿಷದೊಳಗೆ ವ್ಯತ್ಯಾಸ ಇದ್ದರೆ ಸಾಕು. ಜಾಸ್ತಿ ಇದ್ದರೆ ಆ ನಿಲ್ದಾಣದ್ದೇ ಏನೋ ವಿಶೇಷ ಇರುತ್ತದೆ, ಹುಡುಕಿ. ಸಂಬರಾದಲ್ಲಿ ಊರಿನ ರಸ್ತೆಯೇ ರನ್‌ವೇಯನ್ನು ಅಡ್ಡ ದಾಟುತ್ತದೆ. ವಿಮಾನ ಬರುವಾಗ ರೈಲ್ವೆ ಗೇಟಿನ ಹಾಗೆ ಗೇಟ್ ಹಾಕಿ ಕಾರುಗಳನ್ನು ನಿಲ್ಲಿಸುತ್ತಾರೆ. ಅದೇ ಸ್ಕಾಟ್ಲೆಂಡಿನ ಬಾರಾ ದ್ವೀಪದಲ್ಲಿ ರನ್‌ವೇ ಅಂದರೆ ಸಮುದ್ರ ತೀರದ ಮರಳು. ಉಬ್ಬರ ಬಂದಾಗ ಮುಳುಗಿಹೋಗುತ್ತದೆ. ಅಲ್ಲಿಗೆ ಹೋಗುವ ವಿಮಾನದ ಹೊತ್ತು ಲೆಕ್ಕ ಹಾಕುವವರು ಮೊದಲು ಉಬ್ಬರ-ಇಳಿತದ ಪಟ್ಟಿ ತೆಗೆದಿಟ್ಟುಕೊಳ್ಳಬೇಕು.